ಜಿಂಕೆಯ ಜಾತಕ ಹೇಳುವ ನಾಲಿಗೆ

ವೆರ್ನರ್ ಪೆಲ್ಟೊನ ಬಂದೂಕಿನಿಂದ ಸಾಯುವುದು ಯಾವ ಜಿಂಕೆಗಾದರೂ ಗೌರವದ ಸಂಗತಿಯೇ. ಆದರೆ ಸುಪೀರಿಯರ್ ಸರೋವರದ ದಂಡೆಯ ನಮ್ಮ ಜಿಂಕೆಗಳಿಗೆ ಅಂಥ ಗೌರವದ ಹಂಬಲ ಕಡಿಮೆ. ಅವು ವೆರ್ನರ್ ಆಸೆ ತೋರಿಸಿ ಸುರಿದ ಕ್ಯಾರೆಟ್ ತಿನ್ನುತ್ತಿದ್ದವು, ಅವನು ಕೂತ ಮರದ ಬುಡದಲ್ಲೇ ಸ್ವಲ್ಪ ಹೊತ್ತು ನಿಂತು ಸುಧಾರಿಸಿಕೊಳ್ಳುತ್ತಿದ್ದವು, ಅವನು ದುರ್ಬೀನಿನ ಮುಚ್ಚಳ ತೆಗೆಯುವುದರೊಳಗೆ ಹೊರಟುಹೋಗುತ್ತಿದ್ದವು.

ತಪ್ಪು ವೆರ್ನರನದೆಂದು ಯಾರೂ ಹೇಳುವಂತಿರಲಿಲ್ಲ, ಹೇಳಲು ಅವನು ಬಿಡುತ್ತಿರಲಿಲ್ಲ. ತಪ್ಪೆಲ್ಲ ಬಂದೂಕಿನದು. ಮೊದಲು ಅವನ ಬಳಿ ಒಂದು ತರ್ಟಿ-ತರ್ಟಿ ಬಂದೂಕು ಇತ್ತು. ಅದರ ಗುಂಡು ಪೊದೆ ದಾಟುತ್ತದೆ, ಬಯಲು ದಾಟುವುದಿಲ್ಲ ಎಂದು ಅದನ್ನು ಮಾರಿದ. ಆಮೇಲೆ ಟೂ-ಸೆವೆಂಟಿ ತಂದ. ಅದು ಬಯಲು ದಾಟುತ್ತದೆ, ಪೊದೆ ದಾಟುವುದಿಲ್ಲ ಎಂದು ಅದನ್ನೂ ಮಾರಿದ. ಕೊನೆಗೆ ವಾಲ್‌ನಟ್ ಮರದ ಹಿಡಿ, ಜರ್ಮನಿಯ ದುರ್ಬೀನು ಇರುವ ತರ್ಟಿ-ಆಟ್-ಸಿಕ್ಸ್ ಮನೆಗೆ ಬಂತು. ಅದು ಪೊದೆಯನ್ನೂ ದಾಟಿತು, ಬಯಲನ್ನೂ ದಾಟಿತು, ಜೊತೆಗೆ ಜಿಂಕೆಯನ್ನೂ ದಾಟಿಕೊಂಡು ಹೋಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಲವನ್ನೇ ಎರಡು ಸಲ ಬದಲಾಯಿಸಿದವನು ಮಾತ್ರ ನಮ್ಮ ವೆರ್ನರ್.

ಕೈಗೆ ಸಿಗದ ಜಿಂಕೆಯನ್ನು ಅವನು ಬಾಯಲ್ಲಿ ಹಿಡಿಯತೊಡಗಿದ. ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಬಣ್ಣ ಕಲಸುವುದು ಅವನ ಕೆಲಸ. ಒಂದೇ ಬಿಳಿ ಬಣ್ಣಕ್ಕೆ ಮುತ್ತಿನ ಬಿಳಿ, ಮಂಜಿನ ಬಿಳಿ, ಮೊಟ್ಟೆಯ ಬಿಳಿ ಎಂದು ಹೆಸರಿಟ್ಟು ಮಾರಿ ಪಳಗಿದವನಿಗೆ ಮಾಂಸ ಯಾವ ಲೆಕ್ಕ? ದಕ್ಷಿಣದ ಹೊಲಗಳಲ್ಲಿ ಮೆಕ್ಕೆಜೋಳ ತಿಂದ ಜಿಂಕೆ ಸಿಹಿ, ಓಕ್ ಕಾಯಿ ತಿಂದದ್ದಕ್ಕೆ ಗೋಡಂಬಿಯ ಘಮ, ಜೌಗಿನಲ್ಲಿ ಸೀಡರ್ ಸೊಪ್ಪು ತಿಂದದ್ದು ಟರ್ಪೆಂಟೈನ್ ವಾಸನೆ, ಬೆದೆಗೆ ಬಂದ ಗಂಡಿನದು ಒಣಗದ ಕಾಲುಚೀಲದ ರುಚಿ ಎಂದು ಗಿರಾಕಿಗಳಿಗೆ ಉಪನ್ಯಾಸ ಕೊಡುತ್ತಿದ್ದ. ಬಣ್ಣದ ಡಬ್ಬಿ ಒಯ್ಯಲು ಬಂದವರು ಡಬ್ಬಿ ಸಿಗುವವರೆಗೆ ತಲೆಯಾಡಿಸುತ್ತಿದ್ದರು.

ಇಷ್ಟೆಲ್ಲ ಬಡಾಯಿಯ ಹಿಂದೆ ಒಂದು ನಿಜವಾದ ಸಂಕಟವಿತ್ತು. ಅವನ ಮಾವ ಆರ್ವಿದ್ ಹ್ಯುಟಿನೆನ್‌ಗೆ ಕಾಡಿನೊಳಗೆ ಒಂದು ಬೇಟೆ ಬಿಡಾರವಿತ್ತು. ಮರದ ದಿಮ್ಮಿಯ ಒಂದೇ ಕೋಣೆ, ಪಕ್ಕದಲ್ಲಿ ಸೌನಾ ಎಂಬ ಹಬೆಮನೆ, ಕೋಣೆಯೊಳಗೆ ನಾಲ್ಕು ಮಂಚ. ನವೆಂಬರ್ ಹದಿನೈದಕ್ಕೆ ಬೇಟೆ ಶುರುವಾದರೆ ನಮ್ಮ ಕಡೆ ಶಾಲೆಗೂ ರಜೆ. ಅವತ್ತು ಬಿಡಾರದಲ್ಲಿ ಮಂಚವಿಲ್ಲದ ಗಂಡಸನ್ನು ಜನ ಗಂಡಸಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ವೆರ್ನರ್ ಹನ್ನೊಂದು ವರ್ಷದಿಂದ ಅಳಿಯ. ಹನ್ನೊಂದು ವರ್ಷವೂ ಬೇಟೆಯ ಹಿಂದಿನ ದಿನದ ಊಟಕ್ಕೆ ಅವನನ್ನು ಕರೆಯುತ್ತಿದ್ದರು, ಮಾವನ ಪ್ರಸಿದ್ಧ ಹುರಿದ ಮಾಂಸ ತಿನ್ನಿಸುತ್ತಿದ್ದರು, ಪಾತ್ರೆ ತೊಳೆಸಿ ಮನೆಗೆ ಕಳಿಸುತ್ತಿದ್ದರು. ಈ ವರ್ಷ ಆಸ್ಕರ್ ಚಿಕ್ಕಪ್ಪನ ಮೊಣಕಾಲು ಕೈಕೊಟ್ಟು ಅವನು ಫ್ಲೋರಿಡಾ ಸೇರಿದ್ದರಿಂದ ಒಂದು ಮಂಚ ಖಾಲಿ ಬಿದ್ದಿತ್ತು. ಅದಕ್ಕೆ ಕಣ್ಣಿಟ್ಟವರು ಇಬ್ಬರು: ವೆರ್ನರ್ ಮತ್ತು ಹಲ್ಲಿನ ಡಾಕ್ಟರ್ ಕ್ಲೈಡ್.

ಅಕ್ಟೋಬರಿನಲ್ಲಿ ಲೂಥರನ್ ಚರ್ಚಿನ ಬೇಟೆಗಾರರ ಊಟ ನಡೆಯಿತು. ಹೊಸ ಬೇಟೆಗೆ ಮುಂಚೆ ಫ್ರೀಜರಿನ ಹಳೆ ಮಾಂಸ ತೀರಿಸುವುದು ಅದರ ಉದ್ದೇಶ, ದೇವರ ಹೆಸರು ನೆಪಕ್ಕೆ. ವೆರ್ನರ್ ತಟ್ಟೆ ಹಿಡಿದು ಬಂದು ವಾರ್ಡನ್ ಪೆನ್‌ರೋಸ್ ಎದುರು ಕೂತ. ಪೆನ್‌ರೋಸ್ ಬೇಟೆ ಇಲಾಖೆಯವನು. ಕಾಲ ತಪ್ಪಿ ಜಿಂಕೆ ಹೊಡೆದವರ ಬಂದೂಕು ಜಪ್ತಿ ಮಾಡಿ, ದಂಡ ಹಾಕಿಸಿ, ಭಾನುವಾರ ಅದೇ ಜನರ ಪಕ್ಕದಲ್ಲಿ ಕೂತು ಪ್ರಾರ್ಥನೆ ಹಾಡುವ ಸಜ್ಜನ. ಅಂಥ ಅಧಿಕಾರಿ ಎದುರಿಗಿದ್ದ ಮೇಲೆ ವೆರ್ನರನ ನಾಲಿಗೆ ಸುಮ್ಮನಿರುತ್ತದೆಯೇ? ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ.

"ಸೇಬು," ಅಂದ. "ಈ ಜಿಂಕೆ ಸೇಬು ತಿಂದಿದೆ. ಅದೂ ಕಾಡು ಸೇಬಲ್ಲ, ಮನೆ ಹಿತ್ತಿಲಿಂದು. ಹೊಡೆದದ್ದು ಸಣ್ಣ ಬಂದೂಕು, ತುಂಬ ಹತ್ತಿರದಿಂದ. ಗುಂಡು ತಗಲುವಾಗ ಪಾಪದ್ದು ನೆಮ್ಮದಿಯಾಗಿ ಮೇಯ್ತಾ ಇತ್ತು. ಹೆದರಿದ ಜಿಂಕೆ ಮಾಂಸ ಹುಳಿ ಇರ್ತದೆ, ಇದು ನೋಡಿ, ಬೆಣ್ಣೆ!"

ಪೆನ್‌ರೋಸ್ ನಕ್ಕ. "ಹಿತ್ತಿಲ ಸೇಬು ಸೆಪ್ಟೆಂಬರಿಗೇ ಮುಗೀತದಲ್ಲಪ್ಪ. ಬಂದೂಕಿನ ಬೇಟೆ ಶುರುವಾಗೋದು ನವೆಂಬರಲ್ಲಿ. ನಿನ್ನ ನಾಲಿಗೆ ಹೇಳೋದು ನಿಜ ಆದ್ರೆ, ಇಲಾಖೇಲಿ ಅದಕ್ಕೊಂದು ಕುರ್ಚಿ ಹಾಕ್ಬೇಕಾಗ್ತದೆ!"

ಅತ್ತ ಬಡಿಸುತ್ತಿದ್ದ ಹಿಲ್ಮಜ್ಜಿಯ ಕೈಯಿಂದ ಸೌಟು ಕೆಳಗೆ ಬಿತ್ತು. ಎಂಬತ್ತು ದಾಟಿದ ಆ ವಿಧವೆ ಸೆಪ್ಟೆಂಬರಿನ ಒಂದು ಮುಂಜಾನೆ ಅಡುಗೆಮನೆ ಕಿಟಕಿಯಿಂದಲೇ ಬಂದೂಕು ಚಾಚಿ, ತನ್ನ ಸೇಬಿನ ಗಿಡ ಮುರಿಯುತ್ತಿದ್ದ ಜಿಂಕೆಗೆ ಬುದ್ಧಿ ಕಲಿಸಿದ್ದಳು ಎಂಬುದು ಅವಳಿಗೂ ದೇವರಿಗೂ ಮಾತ್ರ ಗೊತ್ತಿತ್ತು. ಈಗ ವೆರ್ನರನಿಗೂ ಗೊತ್ತಾಗಿದೆ ಎಂದು ಅವಳು ತಿಳಿದಳು. ವೆರ್ನರನಿಗೆ ಏನೂ ಗೊತ್ತಿರಲಿಲ್ಲ. ಅವನು ಮಾತು ಮುಗಿಸಿ ಎರಡನೇ ಸಲ ಬಡಿಸಿಕೊಳ್ಳಲು ಎದ್ದ.

ಮರುದಿನ ಪೆನ್‌ರೋಸ್ ತನ್ನ ದೋಣಿಗೆ ಬಣ್ಣ ಒಯ್ಯಲು ಹಾರ್ಡ್‌ವೇರ್ ಅಂಗಡಿಗೆ ಬಂದ. ಗಂಟಲು ಕಟ್ಟಿದ್ದರಿಂದ ಪಿಸುಮಾತಿನಲ್ಲಿ ಕೇಳಿದ. ಎದುರಿನವನು ಪಿಸುಗುಟ್ಟಿದರೆ ತಾನೂ ಪಿಸುಗುಟ್ಟುವ ಸ್ವಭಾವದ ವೆರ್ನರ್ ಹಾಗೇ ಉತ್ತರ ಕೊಟ್ಟ. ಇಬ್ಬರೂ ಬಣ್ಣದ ಪಟ್ಟಿಯ ಮೇಲೆ ತಲೆಗೆ ತಲೆ ತಾಗಿಸಿ ಬಗ್ಗಿದ್ದನ್ನು, ವಾರ್ಡನ್ ಒಂದೊಂದನ್ನೇ ಬೆರಳಿಟ್ಟು ತೋರಿಸಿದ್ದನ್ನು, ವೆರ್ನರ್ ಗಂಭೀರವಾಗಿ ತಲೆಯಾಡಿಸಿದ್ದನ್ನು ಮೊಳೆ ಕೊಳ್ಳಲು ಬಂದವರು ಕಂಡರು. ಮೊಳೆ ಬಿಟ್ಟು ಓಡಿದರು.

ಸಂಜೆಯೊಳಗೆ ಊರಿಗೆಲ್ಲ ಸುದ್ದಿ: ವೆರ್ನರ್ ಇಲಾಖೆಯ ಗುಪ್ತ ನಾಲಿಗೆ. ಮನೆಮನೆಗೆ ಊಟಕ್ಕೆ ಬರುತ್ತಾನೆ, ಒಂದು ತುತ್ತು ತಿನ್ನುತ್ತಾನೆ, ಜಿಂಕೆ ಸತ್ತ ದಿನ, ವಾರ, ಗಳಿಗೆ ಎಲ್ಲ ಹೇಳಿಬಿಡುತ್ತಾನೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಒಬ್ಬನಾದರೆ ಸರಿ. ಇಲ್ಲಿ ಊರಿಗೆ ಊರೇ ಹೆಗಲು ಸವರಿಕೊಳ್ಳತೊಡಗಿತು. ರಾತ್ರೋರಾತ್ರಿ ಫ್ರೀಜರುಗಳು ಬರಿದಾದವು. ಊರಿನ ನಾಯಿಗಳು ಒಂದೇ ವಾರದಲ್ಲಿ ಮೈ ತುಂಬಿಕೊಂಡು ಬೊಗಳುವುದನ್ನೇ ಬಿಟ್ಟವು. ಹಿಲ್ಮಜ್ಜಿ ಒಂದು ದೊಡ್ಡ ಕಡುಬು ಹೊತ್ತು ವೆರ್ನರನ ಮನೆಗೆ ಬಂದಳು.

"ಬ್ಲೂಬೆರ್ರಿದು ಕಣಪ್ಪ," ಅಂದಳು. "ಸೇಬು ಹಾಕಿಲ್ಲ. ನಮ್ಮ ಹಿತ್ತಿಲಲ್ಲಿ ಸೇಬಿನ ಗಿಡಾನೇ ಇಲ್ಲ ಈಗ. ನಿನ್ನೆ ಕಡಿಸ್ಬಿಟ್ಟೆ."

"ಅಯ್ಯೋ, ಯಾಕಜ್ಜಿ? ಅಷ್ಟು ಚೆನ್ನಾಗಿ ಫಲ ಕೊಡ್ತಿತ್ತು!"

"ನೋಡಿದ್ಯಾ, ನಿಂಗೆ ಅದೂ ಗೊತ್ತು!" ಎಂದು ಹಿಲ್ಮಜ್ಜಿ ಕಣ್ಣೊರೆಸಿಕೊಂಡು ಹೊರಟುಹೋದಳು.

ಅದರ ಮಾರನೇ ದಿನ ಪಾದ್ರಿ ನೀಮನ್ ಬಂದರು. ಅವರೂ ಆರ್ವಿದನ ಬಿಡಾರದವರೇ. ಹವಾಮಾನದ ಬಗ್ಗೆ ಮಾತಾಡಿದರು, ಪರಲೋಕದ ಬಗ್ಗೆ ಮಾತಾಡಿದರು, ಆಮೇಲೆ ದನಿ ತಗ್ಗಿಸಿದರು.

"ವೆರ್ನರ್, ಒಂದು ಧರ್ಮಸೂಕ್ಷ್ಮ. ಯಾರೋ ಒಬ್ಬರು ಪಾದ್ರಿಗೆ ಮಾಂಸ ದಾನ ಕೊಟ್ರು ಅಂದ್ಕೋ. ಎಲ್ಲಿಂದ ಬಂತು ಅಂತ ಪಾದ್ರಿ ಕೇಳ್ಲಿಲ್ಲ. ನಿನ್ನ ನಾಲಿಗೆಗೆ ಅಂಥ ಸಂದರ್ಭದಲ್ಲಿ ಕರುಣೆ ಅನ್ನೋದು ಇರ್ತದಾ?"

"ನನ್ನ ನಾಲಿಗೆಗೆ ಸತ್ಯ ಒಂದೇ ಗೊತ್ತು, ಪಾದ್ರಿಗಳೇ," ಎಂದ ವೆರ್ನರ್ ಎದೆಯುಬ್ಬಿಸಿ. ಪಾದ್ರಿಗಳು ಟೋಪಿಯನ್ನೂ ಮರೆತು ಎದ್ದು ಹೋದರು.

ಜನಕ್ಕೆ ಕೊನೆಗೂ ವಿದ್ಯೆಯ ಬೆಲೆ ತಿಳಿಯಿತು ಎಂದು ವೆರ್ನರ್ ಉಬ್ಬಿಹೋದ. ಹೆಂಡತಿ ಐಲಾಗೆ ಮಾತ್ರ ಅನುಮಾನ. "ನಿನ್ನನ್ನ ಇಷ್ಟೊಂದು ಜನ ಗೌರವಿಸ್ತಿದಾರೆ ಅಂದ್ರೆ ಎಲ್ಲೋ ಏನೋ ಭಾರೀ ತಪ್ಪಾಗಿದೆ," ಅಂದಳು.

ತಪ್ಪೇನೆಂದು ತಿಳಿಸಲು ಅವಳ ತಮ್ಮ ರೂಡಿ ಬಂದ. ಯಾವಾಗಲೂ ಒದ್ದುಕೊಂಡು ಒಳಗೆ ಬರುವವನು ಅವತ್ತು ಬಾಗಿಲು ತಟ್ಟಿದ, ಕೂತುಕೊಳ್ಳಲಿಲ್ಲ.

"ಭಾವ, ಅಪ್ಪ ಹೇಳಿ ಕಳಿಸಿದಾರೆ. ಮಂಚ ಕ್ಲೈಡ್‌ಗೆ."

ವೆರ್ನರನ ಕೈಯಲ್ಲಿದ್ದ ಕಡುಬಿನ ಚೂರು ಕೈಯಲ್ಲೇ ಉಳಿಯಿತು. "ಕ್ಲೈಡ್‌ಗಾ? ಅವನು ಬೇಟೆಗೆ ಬಿಳಿ ಕೈಗವಸು ಹಾಕ್ಕೊಂಡು ಬರೋನು!"

"ಇರಬಹುದು. ಅವನು ಬೇರೆಯವರ ಬಾಯಲ್ಲಿ ಕೈ ಹಾಕ್ತಾನೆ, ಅಷ್ಟೇ. ನಿನ್ನ ಹಾಗೆ ತನ್ನ ಬಾಯಿಂದ ಬೇರೆಯವರ ಕುತ್ತಿಗೆಗೆ ಕೈ ಹಾಕಲ್ಲ. ಬಿಡಾರ ಅಂದ್ಮೇಲೆ ಒಂದಿಷ್ಟು ಹಿಂದೆ ಮುಂದೆ ಇರ್ತದೆ. ಒಳಗೊಬ್ಬ ವಾರ್ಡನ್ ಮನುಷ್ಯನ್ನ ಮಲಗಿಸ್ಕೊಳ್ಳೋಕೆ ನಮಗೇನು ತಲೆ ಕೆಟ್ಟಿದೆಯಾ?"

"ವಾರ್ಡನ್ ಮನುಷ್ಯನಾ? ನಾನಾ? ಲೋ, ಅವನು ದೋಣಿಗೆ ಹಸಿರು ಬಣ್ಣ ಕೇಳಿದ ಕಣೋ!"

"ಹಾಗಂತಾನೇ ಎಲ್ಲ ಬೇಹುಗಾರರೂ ಹೇಳೋದು."

"ನನ್ನ ನಾಲಿಗೆಗೆ ಏನೂ ಗೊತ್ತಾಗಲ್ಲ ಕಣೋ! ಆಣೆ ಮಾಡಿ ಹೇಳ್ತೀನಿ, ಎಲ್ಲ ಬೊಗಳೆ!"

"ಹಿಲ್ಮಜ್ಜಿ ಗಿಡ ಕಡಿಸಿದ್ದು ಬೊಗಳೆಗಾ?" ಎಂದು ರೂಡಿ ಹೊರಟುಹೋದ.

ವೆರ್ನರ್ ಕುರ್ಚಿಯಲ್ಲಿ ಕುಸಿದು ಕೂತ. ಹನ್ನೊಂದು ವರ್ಷ ಪಾತ್ರೆ ತೊಳೆದದ್ದು ನೀರಲ್ಲಿ ಹೋಮವಾಯಿತೆಂದು ಅವನಿಗೆ ನಿಜಕ್ಕೂ ಅಳು ಬಂತು. ಐಲಾ ಅವನ ಪಕ್ಕ ಬಂದು ನಿಂತಳು.

"ಅಳಬೇಡ. ಊಟಕ್ಕಂತೂ ಕರೀತಾರೆ, ಪಾತ್ರೆ ತೊಳೆಯೋಕೆ ಬೇರೆ ಯಾರೂ ಇಲ್ಲ. ಎಲ್ಲರ ಮಾಂಸಾನೂ ತಿನ್ನು, ಎಲ್ಲರ ಮುಂದೆ ಜೋರಾಗಿ ತಪ್ಪು ಹೇಳು. ನಿನ್ನ ನಾಲಿಗೆ ದಡ್ಡ ಅಂತ ಗೊತ್ತಾದ್ರೆ ಅಪ್ಪ ಮಂಚ ಕೊಟ್ಟೇ ಕೊಡ್ತಾರೆ. ತಪ್ಪು ಹೇಳೋದೇನು ನಿಂಗೆ ಹೊಸದಲ್ವಲ್ಲ."

ಬೇಟೆಯ ಹಿಂದಿನ ದಿನ ಮಧ್ಯಾಹ್ನವೇ ವೆರ್ನರ್ ಬಿಡಾರಕ್ಕೆ ಹೋದ. ಮೇಜಿನ ಸುತ್ತ ಆರ್ವಿದ್ ಮಾವ, ರೂಡಿ, ಪಾದ್ರಿ ನೀಮನ್, ಕ್ಲೈಡ್. ಪ್ರತಿಯೊಬ್ಬನೂ ಕಳೆದ ವರ್ಷ ತಾನು ಹೊಡೆದ ಜಿಂಕೆಯ ಕೊನೆಯ ತುಂಡನ್ನು ತಂದು ಬೇಯಿಸುವುದು ಆ ಊಟದ ಪದ್ಧತಿ. ಈ ಸಲ ನಾಲ್ಕೂ ಜನ ತಂತಮ್ಮ ಬೋಗುಣಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಮೇಜಿನ ಮೇಲೆ ಆಗಷ್ಟೇ ಇಳಿಸಿದ ಮಾಂಸದ ಹಬೆ ಏಳುತ್ತಿತ್ತು.

ವೆರ್ನರ್ ಎದ್ದು ನಿಂತ. "ನನ್ನ ಮೇಲೆ ಅಪವಾದ ಬಂದಿದೆ. ನನ್ನ ನಾಲಿಗೆನ ನೀವೇ ಪರೀಕ್ಷೆ ಮಾಡಿ. ಬಲ್ಲವನೋ ಬೆಪ್ಪನೋ ತೀರ್ಮಾನ ನಿಮ್ದೇ."

ಯಾರಿಗೂ ಪರೀಕ್ಷೆ ಬೇಕಿರಲಿಲ್ಲ. ಆದರೆ ಬೇಡ ಎಂದವನು ಕಳ್ಳನಾಗುತ್ತಾನೆ. ಪಾದ್ರಿಗಳು ದೇವರನ್ನು ನೆನೆದು ಬೋಗುಣಿ ಮುಂದೆ ತಳ್ಳಿದರು. ವೆರ್ನರ್ ಒಂದು ತುತ್ತು ತಿಂದ. ಸುತ್ತಮುತ್ತಲ ಜೌಗಿನ ಜಿಂಕೆಯಲ್ಲದೆ ಇನ್ನೇನಿರುತ್ತದೆ ಎಂದುಕೊಂಡು, ಆದಷ್ಟು ದೂರದ ಸುಳ್ಳೊಂದನ್ನು ಹುಡುಕಿದ.

"ಇದು ಜಿಂಕೇನೇ ಅಲ್ಲ. ಮೂಸ್! ಕೆನಡಾದ್ದು. ಗಡಿ ದಾಟಿ ಬಂದಿರೋದು!"

ಪಾದ್ರಿಗಳಿಗೆ ಕೆಮ್ಮು ಹತ್ತಿಕೊಂಡಿತು. ಒಂಟಾರಿಯೋದಲ್ಲಿದ್ದ ಅವರ ಷಡ್ಡಕ ಬೇಸಿಗೆಯಲ್ಲಿ ಹಾಸಿಗೆಯೊಳಗೆ ಸುತ್ತಿ ತಂದುಕೊಟ್ಟ ಮೂಸ್ ಎಂಬ ದೈತ್ಯ ಕಡವೆಯ ಮಾಂಸ ಅದು. ರೂಡಿ ಅವರ ಬೆನ್ನಿಗೆ ಗುದ್ದಿ ಉಸಿರು ಬರಿಸಿದ.

ವೆರ್ನರ್ ರೂಡಿಯ ಬೋಗುಣಿಗೆ ಕೈಹಾಕಿದ. ಕಳೆದ ವರ್ಷ ಬೆಟ್ಟದ ಆಚೆ ಬದಿಯಲ್ಲಿ ಓಡುತ್ತಿದ್ದ ಗಂಡು ಜಿಂಕೆಯನ್ನು ಬೀಳಿಸಿದ ಕಥೆಯನ್ನು ರೂಡಿ ಇಡೀ ಊರಿಗೆ ಹೇಳಿದ್ದ. ಅದಕ್ಕೆ ತದ್ವಿರುದ್ಧ ಹೇಳಿದರೆ ತಪ್ಪಾಗಲೇಬೇಕು.

"ಇದಕ್ಕೆ ಗುಂಡೇ ತಗಲಿಲ್ಲ," ಅಂದ ವೆರ್ನರ್. "ರಸ್ತೆ ದಾಟುವಾಗ ಯಾವುದೋ ಪಿಕಪ್ ಗುದ್ದಿ ಸತ್ತಿದ್ದು!"

ರೂಡಿ ಕಿಟಕಿಯಾಚೆ ನಿಂತಿದ್ದ ತನ್ನ ಪಿಕಪ್ ಕಡೆ ನೋಡಿದ. ಅದರ ಮುಂದಿನ ಬಂಪರು ಕಳೆದ ನವೆಂಬರಿನಿಂದ ಒಳಗೆ ಬಾಗಿಕೊಂಡೇ ಇತ್ತು. ಈಗ ಎಲ್ಲರೂ ಅತ್ತ ನೋಡಿದರು. ಕ್ಲೈಡ್ ಸದ್ದಿಲ್ಲದೆ ತನ್ನ ಬೋಗುಣಿಯನ್ನು ಮೇಜಿನ ಕೆಳಗಿಳಿಸಿ, "ನಂದು ಸೀದುಹೋಗಿದೆ, ಬಿಡಿ," ಅಂದ.

ಉಳಿದದ್ದು ಮಾವನ ಮಾಂಸ. ಜುನಿಪರ್ ಕಾಯಿ, ವಿನೆಗರ್ ಹಾಕಿ ವಾರಗಟ್ಟಲೆ ನೆನೆಸಿ, ಕಪ್ಪಗೆ ಹುರಿದು ತೆಗೆದ ಆ ತುಂಡಿನ ಮೇಲೆ ಊರಲ್ಲಿ ಒಬ್ಬನೂ ಮಾತಾಡಿದವನಿಲ್ಲ. ಆರ್ವಿದ್ ಮಾವ ಹೊಡೆದದ್ದು ಎಂದರೆ ಮುಗಿಯಿತು. ಅಲ್ಲಿ ತಪ್ಪಿದರೆ ಬದುಕಿದೆ ಎಂದುಕೊಂಡ ವೆರ್ನರ್. ತುತ್ತು ಬಾಯಿಗಿಟ್ಟು, ಜಗತ್ತಿನಲ್ಲಿ ಯಾರೂ ನಂಬಲಾರದ ಮಾತೊಂದನ್ನು ಆರಿಸಿದ.

"ದನದ ಮಾಂಸ!" ಎಂದು ಕೂಗಿದ. "ಅಂಗಡಿಯಿಂದ ತಂದ ದನದ ಮಾಂಸ!"

ನಗು ಬರುತ್ತದೆಂದು ಕಾದ. ಬರಲಿಲ್ಲ. ಮಾವ ಬೈಯುತ್ತಾನೆಂದು ಕಾದ. ಬೈಯಲಿಲ್ಲ. ಆರ್ವಿದ್ ಮಾವ ಮೇಜಿನ ಮೇಲೆ ಕೈಯಾಡಿಸಿ ಫೋರ್ಕ್ ಹುಡುಕುತ್ತಿದ್ದ. ಅದು ಅವನ ಕಣ್ಣೆದುರೇ, ತಟ್ಟೆಯ ಪಕ್ಕದಲ್ಲೇ ಇತ್ತು. ಅವನ ಬೆರಳು ಉಪ್ಪಿನ ಡಬ್ಬಿಗೆ ತಾಗಿತು, ಲೋಟಕ್ಕೆ ತಾಗಿತು, ಫೋರ್ಕಿಗೆ ತಾಗಲಿಲ್ಲ. ಮುದುಕನ ಮುಖ ಕೆಂಪೇರಿತ್ತು.

ವೆರ್ನರ್ ಇನ್ನೊಂದು ತುತ್ತು ತಿಂದ. ಜೀವನದಲ್ಲಿ ಮೊದಲ ಸಲ ಅವನು ನಿಜವಾಗಿ ರುಚಿ ನೋಡಿದ. ಜುನಿಪರಿನ ಕೆಳಗೆ, ವಿನೆಗರಿನ ಕೆಳಗೆ, ಐಲಾ ಭಾನುವಾರ ಮಾಡುವ ಅದೇ ದನದ ಮಾಂಸ, ಒಂದು ಕೂದಲೆಳೆಯಷ್ಟೂ ಅನುಮಾನವಿಲ್ಲ. ಅವನಿಗೆ ಮಂಚವೂ ಮರೆತುಹೋಯಿತು. ಮಾವನ ಮೇಲೆ ಕನಿಕರ ಉಕ್ಕಿಬಂತು.

"ಛೆ ಛೆ ಛೆ!" ಎಂದು ಹಣೆ ಚಚ್ಚಿಕೊಂಡ. "ಎಂಥಾ ಮಾತಾಡ್ಬಿಟ್ಟೆ! ಮೂಸ್ ರುಚಿ ನಾಲಿಗೆ ಮೇಲೆ ಉಳ್ಕೊಂಡಿತ್ತು. ಇದು ಜಿಂಕೇನೇ. ಸೀಡರ್ ಜೌಗಿಂದು, ಕೊಬ್ಬಿದ ಗಂಡು. ಅಂಗುಳಕ್ಕೆ ಹೇಗೆ ಅಂಟ್ಕೊಂಡಿದೆ ನೋಡಿ! ದನ ಎಲ್ಲಿ, ಇದು ಎಲ್ಲಿ! ಮಾವ, ತಪ್ಪಾಯ್ತು. ಕ್ಷಮಿಸಿ."

ಪಾದ್ರಿಗಳು ಮೇಜು ಗುದ್ದಿ ನಕ್ಕರು. "ಆರ್ವಿದ್ ಹೊಡೆದ ಜಿಂಕೆನ ದನ ಅಂದುಬಿಟ್ಟ! ಹಾಗಾದ್ರೆ ನನ್ನದೂ ಮೂಸ್ ಅಲ್ಲ ಅಂತಾಯ್ತು!"

"ನಂದಕ್ಕೂ ಗುಂಡು ತಗಲಿದೆ ಅಂತಾಯ್ತು!" ಎಂದ ರೂಡಿ, ಗೆದ್ದವನಂತೆ. "ಅಯ್ಯೋ ಭಾವ, ನಿಂದು ನಾಲಿಗೆನಾ, ಬೂಟಿನ ಅಟ್ಟೆನಾ?"

ಕ್ಲೈಡ್ ಕೂಡ ಮೇಜಿನ ಕೆಳಗಿನಿಂದ ಬೋಗುಣಿ ಮೇಲೆತ್ತಿದ, ಅದು ಸೀದೇ ಇರಲಿಲ್ಲ. ವೆರ್ನರನ ನಾಲಿಗೆ ಶುದ್ಧ ದಡ್ಡ ನಾಲಿಗೆ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಅಂಥ ನಿರಪಾಯ ಮನುಷ್ಯನಿಗಿಂತ ಯೋಗ್ಯ ಬೇರೆ ಯಾರು? ಕ್ಲೈಡ್‌ಗೆ ಕೊಟ್ಟ ಮಾತು ಮುರಿದು, ಒಲೆಯ ಹಿಂದಿನ, ಹೊಗೆಗೂ ಸೋರುವ ನೀರಿಗೂ ನಡುವಿನ ಮಂಚ ವೆರ್ನರನದಾಯಿತು. ಪಾತ್ರೆಯನ್ನೂ ಅವನೇ ತೊಳೆದ. ಬಿಡಾರದ ಸದಸ್ಯನಾಗಿ ತೊಳೆಯುವುದಕ್ಕೂ ಬರೀ ಅಳಿಯನಾಗಿ ತೊಳೆಯುವುದಕ್ಕೂ ಬಹಳ ವ್ಯತ್ಯಾಸವಿದೆ ಎಂದು ಅವನು ಇವತ್ತಿಗೂ ಹೇಳುತ್ತಾನೆ.

ಆ ಸಂಜೆ ಸೌನಾದಲ್ಲಿ ಅಳಿಯ ಮಾವ ಇಬ್ಬರೇ ಕೂತಿದ್ದರು. ಆರ್ವಿದ್ ಬಿಸಿ ಕಲ್ಲಿನ ಮೇಲೆ ನೀರು ಚೆಲ್ಲಿದ. ಅರ್ಧ ನೀರು ಕಲ್ಲಿಗೆ, ಅರ್ಧ ವೆರ್ನರನ ಕಾಲಿಗೆ.

"ಕಣ್ಣು ಮಂಜಾಗಿ ಕೆಲವು ವರ್ಷ ಆಯ್ತು," ಅಂದ ಮುದುಕ. "ಬಂದೂಕಿನ ತುದೀನೇ ಕಾಣಲ್ಲ, ಇನ್ನು ಜಿಂಕೆ ಎಲ್ಲಿ ಕಾಣ್ಬೇಕು. ರಾಜ್ಯದ ಗಡಿಯಾಚೆ ವಿಸ್ಕಾನ್ಸಿನ್ನಲ್ಲಿ ಒಬ್ಬ ಮಾಂಸದಂಗಡಿಯವನಿದಾನೆ. ಬಾಯಿ ಬಿಡಲ್ಲ. ಅಷ್ಟು ದೂರ ಗಾಡಿ ಓಡಿಸೋಕೆ ಇನ್ನು ನನ್ನ ಕೈಲಿ ಆಗಲ್ಲ ಕಣೋ. ಮುಂದಿನ ವರ್ಷದಿಂದ ನೀನು ಹೋಗಿ ತರ್ತೀಯಾ? ರೂಡಿಗೆ ಗೊತ್ತಾಗಬಾರದು. ಪಾದ್ರಿಗಂತೂ ಬೇಡವೇ ಬೇಡ. ಅವರೆಲ್ಲ ನನ್ನನ್ನ ಏನೋ ಅಂದ್ಕೊಂಡಿದಾರೆ."

ಮಾವ ವೆರ್ನರನನ್ನು ನಂಬಿ ಒಂದು ಮಾತು ಹೇಳಿದ್ದು ಅದೇ ಮೊದಲು. "ತರ್ತೀನಿ ಮಾವ," ಅಂದ.

ಮರುವರ್ಷ ನವೆಂಬರಿನ ಮೊದಲ ಹಿಮ ಬೀಳುವ ಹೊತ್ತಿಗೆ ಅವನು ಗಡಿ ದಾಟಿ ಆ ಅಂಗಡಿಗೆ ಹೋದ. ಕಾಲರ್ ಎತ್ತಿ, ಟೋಪಿ ಕೆಳಗೆಳೆದು, ಹಿಂದೆ ಮುಂದೆ ನೋಡಿ, ಗಲ್ಲಾದ ಮೇಲೆ ಬಗ್ಗಿ ಪಿಸುಗುಟ್ಟಿದ. "ಹ್ಯುಟಿನೆನ್ ಅವರ ಕಡೆಯಿಂದ ಬಂದಿದೀನಿ. ಅದೇ... ಮಾಮೂಲು."

ಅಂಗಡಿಯವನು ತಲೆಯೆತ್ತಿ ನೋಡಿ, ಕೈ ಒರೆಸಿಕೊಂಡ. "ಯಾವ ಹ್ಯುಟಿನೆನ್? ಮಗ ರೂಡಿ ಮೊನ್ನೆಯೇ ಒಯ್ದ. ಈ ಸಲ ಗಾಡಿ ಗುದ್ದಿಸೋ ಗೋಜು ಬೇಡ ಅಂದ. ಹಲ್ಲಿನ ಡಾಕ್ಟರ್ ಪ್ರತಿ ವರ್ಷದವರು, ಬಂದು ಹೋದ್ರು. ಪಾದ್ರಿಗಳು ಮೂಸ್ ಬಿಟ್ಟಿದಾರಂತೆ, ಅವರದ್ದೂ ಕಟ್ಟಿಟ್ಟಿದೀನಿ."

ವೆರ್ನರನ ಕಣ್ಣಮುಂದೆ ಬಿಡಾರದ ಗೋಡೆಗೆ ಸಾಲಾಗಿ ಒರಗಿದ ಬಂದೂಕುಗಳು ಬಂದವು, ಎಣ್ಣೆ ಹಚ್ಚಿ ಹೊಳೆಸಿದ ನಳಿಗೆಗಳು ಬಂದವು.

"ಹಿರಿಯರದ್ದು," ಅಂದ ಮೆಲ್ಲಗೆ. "ಆರ್ವಿದ್ ಅವರದ್ದು."

"ಓ, ಅವರದ್ದಾ!" ಅಂಗಡಿಯವನು ಒಳಗಿನಿಂದ ದೊಡ್ಡ ತೊಡೆಯ ತುಂಡು ತಂದು ಹಲಗೆಯ ಮೇಲಿಟ್ಟ. ಗೂಡಿನಿಂದ ಒಂದು ಚೂಪು ಸಲಾಕೆ ತೆಗೆದ. "ಗುಂಡಿನ ತೂತು ಎಷ್ಟು ಹಾಕ್ಲಿ? ರೂಡಿಗೆ ಮೂರು ಹಾಕಿದೀನಿ. ಪಾದ್ರಿಗಳು ಎರಡು ಹೇಳಿದಾರೆ."

ವೆರ್ನರ್ ಎದೆ ಸೆಟೆಸಿ ನಿಂತ.

"ಒಂದೇ ಹಾಕಪ್ಪ," ಅಂದ. "ನಮ್ಮ ಮಾವ ಯಾವತ್ತೂ ಎರಡನೇ ಗುಂಡು ಹಾರಿಸಿದವರಲ್ಲ."